ಮಾಂಸ ಬಿಟ್ಟವರ ತಟ್ಟೆಗೆ ಏನು ಬಡಿಸಬೇಕು?

ಶ್ರಾವಣದಲ್ಲಿ ಮಾಂಸ ಮುಟ್ಟದವರು ವಿಜಯಪುರ, ಬಾಗಲಕೋಟೆ ಕಡೆ ಓಣಿಗೆ ಹತ್ತು ಮನೆ ಸಿಗುತ್ತಾರೆ. ಅದನ್ನೇ ಮುಂದುವರಿಸುತ್ತೇನೆ ಎಂದು ಹೊರಟವರು ದಸರೆಯ ಹೊತ್ತಿಗೆ ಮಾಂಸದೂಟದ ಸಾವಜಿ ಖಾನಾವಳಿಯಲ್ಲಿ ಕುಳಿತಿರುತ್ತಾರೆ. ಮನಸ್ಸು ಗಟ್ಟಿಯಿಲ್ಲ ಎಂದು ಬೈಯುವ ಮೊದಲು ಅವರ ತಟ್ಟೆ ನೋಡಿ. ಮಾಂಸ ತೆಗೆದ ಜಾಗಕ್ಕೆ ಇನ್ನೊಂದು ಸೌಟು ಅನ್ನ, ಬಟಾಟೆ ಪಲ್ಯ, ಸಂಜೆಗೆ ಮಿರ್ಚಿ ಭಜಿ. ಇಷ್ಟನ್ನೇ ತಿಂದರೆ ಹೊಟ್ಟೆ ತುಂಬುತ್ತದೆ, ಮೈಗೆ ಏನೂ ಹತ್ತುವುದಿಲ್ಲ.

ಮೊದಲು, ಯಾವುದನ್ನು ಮುಂಚೆ ಬಿಡಬೇಕು ಎಂಬುದು ತೀರ್ಮಾನವಾಗಲಿ. ಬಹಳ ಮಂದಿ ಮಟನ್ ಬಿಟ್ಟು ಚಿಕನ್ ಉಳಿಸಿಕೊಳ್ಳುತ್ತಾರೆ. ಪ್ರಾಣಿಗಳ ಸಲುವಾಗಿ ಬಿಡುವವರಿಗೆ ಈ ಲೆಕ್ಕ ತಿರುಗುಮುರುಗು. ಬೆಳೆದ ಒಂದು ಆಡಿನ ಮಾಂಸದಷ್ಟು ತೂಕಕ್ಕೆ ಏಳೆಂಟು ಕೋಳಿಗಳಾದರೂ ಬೇಕು. ಬ್ರಾಯ್ಲರ್ ಕೋಳಿಯ ಆಯುಷ್ಯವೇ ಸುಮಾರು ಆರು ವಾರ. ಅದರ ಕೊನೆಯ ಪಯಣ ಬೈಕಿನ ಎರಡೂ ಬದಿಗೆ ಕಾಲು ಕಟ್ಟಿ ತಲೆಕೆಳಗಾಗಿ ತೂಗುಹಾಕಿದ ಗೊಂಚಲಿನಲ್ಲಿ. ಹೀಗೆ ನರಳಿಸಿ ಸಾಗಿಸಬಾರದು ಎಂದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಹೇಳುತ್ತದೆ. ರಸ್ತೆಯಲ್ಲಿ ಕಾಣುವುದೇ ಬೇರೆ. ಆದ್ದರಿಂದ ಕೋಳಿಯಿಂದಲೇ ಶುರು ಮಾಡಿ. ಆರೋಗ್ಯಕ್ಕಾಗಿ ಬಿಡುವವರು ಸಾಸೇಜ್, ಸಲಾಮಿಯಂಥ ಸಂಸ್ಕರಿತ ಮಾಂಸವನ್ನು ಮೊದಲು ಕೈಬಿಡಲಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ ಅದನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ.

ಒಮ್ಮೆಗೇ ಬಿಡುವುದೋ ವಾರಕ್ಕೆ ಒಂದೊಂದು ದಿನ ಕಡಿಮೆ ಮಾಡುವುದೋ, ನಿಮ್ಮ ಇಷ್ಟ.

ಇನ್ನು ಎಲ್ಲರೂ ಎಡವುವ ಘಟ್ಟ, ಕಾಳು. ವಯಸ್ಕರಿಗೆ ದಿನಕ್ಕೆ, ದೇಹದ ತೂಕದ ಪ್ರತಿ ಕಿಲೋಗೆ 0.83 ಗ್ರಾಂ ಪ್ರೋಟೀನ್ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹೇಳುತ್ತದೆ. 60 ಕಿಲೋ ತೂಕದವರಿಗೆ 50 ಗ್ರಾಂ ಆಯಿತು. ನಾಲ್ಕು ಜೋಳದ ರೊಟ್ಟಿಯಿಂದ ಅರ್ಧದಷ್ಟು ಬರಬಹುದು. ಆದರೆ ಜೋಳದ ಪ್ರೋಟೀನಿನಲ್ಲಿ ದೇಹಕ್ಕೆ ಬೇಕಾದ ಲೈಸಿನ್ ಎಂಬ ಅಂಶ ಕಡಿಮೆ, ಕಾಳಿನಲ್ಲಿ ಅದು ಧಾರಾಳ. ಹಾಗಾಗಿ ರೊಟ್ಟಿಯ ಜೊತೆ ಕಾಳು ಇರಲೇಬೇಕು. ಎರಡು ಹೊತ್ತಿಗೂ ಕಾಳುಪಲ್ಯ, ಒಂದು ಬಟ್ಟಲು ಮೊಸರು, ಶೇಂಗಾ ಚಟ್ನಿಪುಡಿ ಸೇರಿದರೆ ಉಳಿದ ಅರ್ಧ ತುಂಬುತ್ತದೆ. ಲಿಂಗಾಯತ ಖಾನಾವಳಿಯ ಊಟದಲ್ಲಿ ಇದೆಲ್ಲ ಮೊದಲಿನಿಂದಲೂ ಇದೆ.

ಕಂದು ಬಣ್ಣದ ಸಣ್ಣ ಮಡಕಿ ಕಾಳನ್ನೇ ಹಿಡಿಯಿರಿ. ಬೇಗ ಮೊಳೆಯುತ್ತದೆ, ಬೇಗ ಬೇಯುತ್ತದೆ, ಮಸಾಲೆ ಹೀರುತ್ತದೆ. ರಾತ್ರಿ ನೆನೆಹಾಕಿ ಮರುದಿನ ಮಧ್ಯಾಹ್ನದವರೆಗೆ ಮರೆತುಬಿಡುವುದೇ ದೊಡ್ಡ ತಪ್ಪು. ನಮ್ಮ ಏಪ್ರಿಲ್ ಬಿಸಿಲಿಗೆ ಆ ನೀರು ನೊರೆ ಬಂದು ಹುಳಿಯುತ್ತದೆ, ಆಮೇಲೆ ಎಷ್ಟು ತೊಳೆದರೂ ವಾಸನೆ ಹೋಗದು. ಬೇಸಿಗೆಯಲ್ಲಿ ಐದಾರು ಗಂಟೆ, ಚಳಿಗಾಲದಲ್ಲಿ ಎಂಟು ಗಂಟೆ ಸಾಕು. ನೆನೆದ ಮೇಲೆ ಬೆರಳಾಡಿಸಿ ನೋಡಿ: ಉಬ್ಬದೆ ಸಣ್ಣಗೆ, ಹರಳಿನಂತೆ ಉಳಿದ ಕಾಳುಗಳನ್ನು ಆರಿಸಿ ಎಸೆಯಿರಿ. ಅವು ಬೇಯುವುದೂ ಇಲ್ಲ, ಹಲ್ಲಿಗೂ ಅಪಾಯ. ನೆನೆಸಿದ ನೀರನ್ನು ಚೆಲ್ಲಿ. ಹೊಟ್ಟೆಯುಬ್ಬರಕ್ಕೆ ಕಾರಣವಾಗುವ ಅಂಶ ಸ್ವಲ್ಪ ಅದರ ಜೊತೆಗೇ ಹೋಗುತ್ತದೆ. ನೀರು ಪೂರ್ತಿ ಬಸಿದ ಮೇಲೆ ತೆಳು ಹತ್ತಿಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿ ಜರಡಿಯ ಮೇಲಿಡಿ. ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿ ಬೇಡ, ಗಾಳಿಯಾಡದೆ ಕಾಳು ಲೋಳೆಯಾಗುತ್ತದೆ. ಬಟ್ಟೆ ಒಣಗಿದರೆ ನೀರು ಚಿಮುಕಿಸಿ. ಮೊಳಕೆ ಕಾಳಿನ ಉದ್ದಕ್ಕೆ ಬಂದಾಗ ತೆಗೆಯಿರಿ, ಬಾಲ ಬೆಳೆದರೆ ರುಚಿ ಕೆಡುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಬೆವರುತ್ತ ಮಾರಾಟಕ್ಕಿರುವ ಮೊಳಕೆ ಕಾಳನ್ನು ನಾನಂತೂ ಕೊಳ್ಳುವುದಿಲ್ಲ, ನೀವೂ ಕೊಳ್ಳಬೇಡಿ.

ಒಗ್ಗರಣೆಗೆ ಎಣ್ಣೆಯಲ್ಲಿ ಜಿಪುಣತನ ಮಾಡಬೇಡಿ. ಉಳ್ಳಾಗಡ್ಡಿ ಕಂದು ಬಣ್ಣಕ್ಕೆ ಬರುವವರೆಗೆ ಹುರಿದು, ಜಜ್ಜಿದ ಬೆಳ್ಳುಳ್ಳಿ, ಮಾಂಸಕ್ಕೆ ಹಾಕುತ್ತಿದ್ದ ಅದೇ ಮಸಾಲೆ ಖಾರ, ಒಣ ಕೊಬ್ಬರಿ ಹಾಕಿ. ಮಾಂಸದೂಟ ಬಿಟ್ಟವರು ಬಯಸುವುದು ಬಹುಪಾಲು ಈ ಖಾರವನ್ನೇ, ತುಂಡನ್ನಲ್ಲ. ಕಾಳು ಮುಳುಗುವಷ್ಟು ನೀರು ಬೇಡ, ಎರಡು ಹಿಡಿ ಚಿಮುಕಿಸಿ ಮುಚ್ಚಿಡಿ. ಹುಣಸೆರಸ ಕಾಳು ಬೆಂದ ಮೇಲಷ್ಟೇ ಹಾಕಬೇಕು, ಮೊದಲೇ ಹಾಕಿದರೆ ಹುಳಿಗೆ ಕಾಳು ಬಿರುಸಾಗುತ್ತದೆ. ಇಳಿಸುವಾಗ ಒಂದು ಚಮಚ ಗುರೆಳ್ಳು ಪುಡಿ. ಸೋಯಾ ಉಂಡೆಗಳಲ್ಲಿ ಪ್ರೋಟೀನ್ ಹೆಚ್ಚು, ನಿಜ. ಬಿಸಿನೀರಿನಲ್ಲಿ ನೆನೆಸಿ ಹಿಂಡಿ ಬಳಸಿ. ಆದರೆ ಚಿಕನ್ನಿನಂತೆಯೇ ಇದೆ ಎಂದು ಮಾರುವ ದುಬಾರಿ ಶೈತ್ಯೀಕೃತ ತುಂಡುಗಳ ಪೊಟ್ಟಣದ ಹಿಂಬದಿ ಓದಿ. ಉಪ್ಪಿನ ಪ್ರಮಾಣ ನೋಡಿದರೆ ಸಾಕು, ಮತ್ತೆ ಕಪಾಟಿಗೆ ಇಟ್ಟುಬಿಡುತ್ತೀರಿ.

ಕಬ್ಬಿಣಾಂಶಕ್ಕೆ ರಾಜಗಿರಿ ಸೊಪ್ಪು, ಸಜ್ಜೆ ರೊಟ್ಟಿ, ಮೇಲೆ ನಿಂಬೆರಸ. ಊಟವಾದ ತಕ್ಷಣ ಚಹಾ ಬೇಡ, ಅದು ಕಬ್ಬಿಣ ಹೀರಿಕೆಗೆ ಅಡ್ಡಿ; ಒಂದು ತಾಸು ಬಿಡಿ.

ಬಿ12 ಜೀವಸತ್ವದ ವಿಷಯದಲ್ಲಿ ಮಾತ್ರ ಸೊಪ್ಪು, ಕಾಳು ಯಾವುದೂ ನೆರವಿಗೆ ಬರುವುದಿಲ್ಲ. ಹಾಲು, ಮೊಸರಿನಲ್ಲಿ ಸ್ವಲ್ಪ ಸಿಗುತ್ತದೆ. ಯಕೃತ್ತಿನಲ್ಲಿ ವರ್ಷಗಟ್ಟಲೆ ಸಾಲುವಷ್ಟು ಸಂಗ್ರಹವಿರುವುದರಿಂದ ಕೊರತೆ ತಡವಾಗಿ ಕಾಣುತ್ತದೆ: ಸುಸ್ತು, ಕೈಕಾಲು ಜುಮುಗುಟ್ಟುವುದು, ನಾಲಿಗೆ ಉರಿ. ವರ್ಷಕ್ಕೊಮ್ಮೆ ರಕ್ತಪರೀಕ್ಷೆ ಮಾಡಿಸಿ. ಹಾಲನ್ನೂ ಬಿಟ್ಟವರು ಮಾತ್ರೆ ತೆಗೆದುಕೊಳ್ಳಲೇಬೇಕು. ಗರ್ಭಿಣಿಯರು ಮತ್ತು ಮೂತ್ರಪಿಂಡದ ತೊಂದರೆಯವರು ವೈದ್ಯರನ್ನು ಕೇಳಿಯೇ ಊಟ ಬದಲಿಸಲಿ.

ಕೊನೆಯದು ಬೀಗರ ಊಟ. ಬರುತ್ತೇವೆ ಎಂದು ಹೇಳುವಾಗಲೇ ಫೋನಿನಲ್ಲಿ ತಿಳಿಸಿಬಿಡಿ. ಪಂಕ್ತಿಯಲ್ಲಿ ಕುಳಿತ ಮೇಲೆ ಬಾಯಿಬಿಟ್ಟರೆ ಬಡಿಸುವವರು ಗಾಬರಿಯಾಗಿ, ತುಂಡು ಬದಿಗೆ ಸರಿಸಿ, “ಇದು ಬರೀ ರಸ, ಏನೂ ಆಗುವುದಿಲ್ಲ ತಗೊಳ್ಳಿ” ಎಂದು ಅದೇ ಸೌಟಿನಿಂದ ಅನ್ನದ ಮೇಲೆ ಸುರಿದು ಮುಂದಿನ ಎಲೆಗೆ ಹೋಗಿರುತ್ತಾರೆ.