ಮುಖ ನೋಡಿ ಮಣೆ ಹಾಕದ ಅಂಗಡಿ: ಶಿರಸಿ, ಯಲ್ಲಾಪುರ, ಕಾರವಾರದ ವ್ಯಾಪಾರಿಗಳಿಗೆ

ಸಿದ್ದಿಗಳ ಪೂರ್ವಜರು ಆಫ್ರಿಕಾದಿಂದ ಬಂದವರು. ಬಹಳಷ್ಟು ಮಂದಿಯನ್ನು ಪೋರ್ಚುಗೀಸರ ಕಾಲದಲ್ಲಿ ಗುಲಾಮರಾಗಿ ಗೋವೆಗೆ ತರಲಾಗಿತ್ತು. ಇಂದಿನ ಸಿದ್ದಿಗಳು ಯಲ್ಲಾಪುರ, ಹಳಿಯಾಳ, ಅಂಕೋಲಾ ಕಡೆಯ ನಮ್ಮೂರಿನವರೇ, ಕೊಂಕಣಿ-ಕನ್ನಡ ಎರಡನ್ನೂ ಆಡುವವರು. ಹಾಗಿದ್ದೂ ಪೇಟೆಯ ಅಂಗಡಿಯಲ್ಲಿ ಅವರಿಗೆ ಸಿಗುವುದು ಹರಕು ಹಿಂದಿ, ಇಲ್ಲವೇ ‘ಏನ್ ಬೇಕೋ?’. ಮುಂಡಗೋಡಿನ ಟಿಬೆಟಿಯನ್ನರಿಗೆ, ಕಾರವಾರ-ಗೋಕರ್ಣದಲ್ಲಿರುವ ಈಶಾನ್ಯ ರಾಜ್ಯದವರಿಗೆ ಆಗುವುದೂ ಹೆಚ್ಚು ಕಡಿಮೆ ಇದೇ. ಕೆಲಸದವರನ್ನು ಕೂರಿಸಿ ಬುದ್ಧಿ ಹೇಳಿದರೆ ಇದು ಸರಿಹೋಗುವುದಿಲ್ಲ, ಅಂಗಡಿಯ ಪದ್ಧತಿಯೇ ಬದಲಾಗಬೇಕು.

ಮೊದಲು ಲೆಕ್ಕ ಬರೆಯಿರಿ

ಒಂದು ವಾರ ಸಿಸಿಟಿವಿ ರೆಕಾರ್ಡಿಂಗ್ ನೋಡಿ ನೋಟ್‌ಬುಕ್ಕಿನಲ್ಲಿ ಬರೆಯಿರಿ: ಗಿರಾಕಿ ಒಳಗೆ ಬಂದ ಹೊತ್ತು, ಮಾತಾಡಿಸಿದ ಹೊತ್ತು, ತೆಗೆದು ತೋರಿಸಿದ ಮಾಲು ಎಷ್ಟು, ಹಿಂದೆ ಯಾರಾದರೂ ಕಾವಲು ತಿರುಗಿದರೇ, ಬಿಲ್ ಕೊಟ್ಟರೇ. ಮಾಲೀಕರು ಗಲ್ಲೆಯಲ್ಲಿ ಕೂತು ಕಣ್ಣಿಟ್ಟರೆ ಪ್ರಯೋಜನವಿಲ್ಲ, ಅವರೆದುರು ಎಲ್ಲರೂ ಸರಿಯಾಗಿಯೇ ನಡೆದುಕೊಳ್ಳುತ್ತಾರೆ. ಯಾರ ಜಾತಿಯನ್ನೂ ಕೇಳಬೇಡಿ. ಮುಖ ನೋಡಿದ ಕೂಡಲೇ ಸೇಲ್ಸ್‌ಮನ್ ಏನೆಂದುಕೊಂಡಿರಬಹುದು ಎಂಬುದಕ್ಕೆ ಒಂದು ಗುರುತು ಹಾಕಿದರೆ ಸಾಕು, ಏಕೆಂದರೆ ಪರೀಕ್ಷೆಗೆ ಬಿದ್ದಿರುವುದು ಆ ಊಹೆಯೇ. ‘ನಮ್ಮವರು’ ಎಂದು ಊಹಿಸಿದವರು, ‘ಹೊರಗಿನವರು’ ಎಂದು ಊಹಿಸಿದವರು, ಎರಡೂ ಕಡೆ ಕನಿಷ್ಠ 20 ಗಿರಾಕಿಗಳಾದರೂ ಆಗುವವರೆಗೆ ತೀರ್ಮಾನಕ್ಕೆ ಬರಬೇಡಿ. ಸಂತೆಯ ದಿನ, ಮಾರಿಕಾಂಬಾ ಜಾತ್ರೆಯ ದಿನಗಳನ್ನು ಬೇರೆ ಇಡಿ. ನೂಕುನುಗ್ಗಲಿನಲ್ಲಿ ಎಲ್ಲರೂ ಕಾಯುತ್ತಾರೆ.

ಮೊದಲ ಅರ್ಧ ನಿಮಿಷ

ಎಲ್ಲರಿಗೂ ಒಂದೇ ಮಾತು, ಕನ್ನಡದಲ್ಲಿ: ‘ಬನ್ನಿ, ಏನು ತೋರಿಸಲಿ?’ ಗಿರಾಕಿ ಬೇರೆ ಭಾಷೆಯಲ್ಲಿ ಉತ್ತರಿಸಿದರೆ ಆಮೇಲೆ ಆ ಭಾಷೆಗೆ ಹೊರಳಿ. ಭಟ್ಟರಿಗೆ, ಹೆಗಡೆಯವರಿಗೆ ಬಹುವಚನ, ಹಾಲಕ್ಕಿ ಸಮುದಾಯದ ಅಜ್ಜಿಗೆ, ಸಿದ್ದಿ ಯುವಕನಿಗೆ ಏಕವಚನ ಎಂಬುದು ಕೂಡಲೇ ನಿಲ್ಲಬೇಕು. ‘ಯಾವ ದೇಶ?’ ಎಂದು ಕೇಳುವುದು, ಕೂದಲನ್ನು ಮುಟ್ಟುವುದು, ಚಿಲ್ಲರೆಯನ್ನು ಕೈಗೆ ಕೊಡದೆ ಮೇಜಿನ ಮೇಲೆ ಹಾಕುವುದು ಕೂಡ.

ಹೆಚ್ಚಿನ ಅಂಗಡಿಗಳು ಎಡವುವುದು ದರದ ವಿಷಯದಲ್ಲಿ. ಕೇಳುವ ಮೊದಲೇ ‘ಅದು ದುಬಾರಿ’ ಎನ್ನುವುದು, ಕೆಳಗಿನ ರ್ಯಾಕಿನ ಮಾಲನ್ನಷ್ಟೇ ಎಳೆಯುವುದು. ಸೀರೆ ಕೇಳಿದವರಿಗೆಲ್ಲ ಮೂರು ದರದಲ್ಲಿ ಒಂದೊಂದು ಬಿಡಿಸಿ, ಉದಾಹರಣೆಗೆ 800, 2000, 5000 ರೂಪಾಯಿ. ಅಲ್ಲಿಂದ ಮುಂದಿನ ದಾರಿ ಗಿರಾಕಿಯದು. ಚೌಕಾಶಿಯಲ್ಲಿ ಎಷ್ಟು ಇಳಿಸಬಹುದೆಂಬ ಮಿತಿಯನ್ನೂ ಬರೆದಿಡಿ. ಅದು ಸೇಲ್ಸ್‌ಮನ್ನನ ಬಾಯಲ್ಲಿದ್ದರೆ ಪರಿಚಯದವರಿಗೇ ಹೋಗುತ್ತದೆ.

ಕಮಿಷನ್ ಕೊಡುವ ಅಂಗಡಿಗಳಲ್ಲಿ ಈ ತೊಂದರೆ ಹೆಚ್ಚು. ಯಾರು ಕೊಳ್ಳಬಹುದೆಂದು ಊಹಿಸಿದರೆ ಲಾಭ, ಊಹೆಗೆ ಸಿಗುವುದು ಬಣ್ಣ ಮತ್ತು ಚಪ್ಪಲಿ. ಗಿರಾಕಿಗಳನ್ನು ಸರದಿಯಲ್ಲಿ ಹಂಚಿ, ಕಮಿಷನ್ನನ್ನು ಇಡೀ ಕೌಂಟರಿನ ವ್ಯಾಪಾರದ ಮೇಲೆ ಪಾಲು ಮಾಡಿ.

ಕಳ್ಳತನದ ಭಯ

ಚೀಲವನ್ನು ಬಾಗಿಲಲ್ಲಿ ಇರಿಸಿಕೊಳ್ಳುವುದಾದರೆ ಎಲ್ಲರದೂ, ಟೋಕನ್ ಕೊಟ್ಟು. ಇಲ್ಲವಾದರೆ ಯಾರದೂ ಬೇಡ. ಮಾಲು ಕಾಣೆಯಾಗಿದೆ ಅನಿಸಿದರೆ ಮೊದಲು ಆ ರ್ಯಾಕಿನ ರೆಕಾರ್ಡಿಂಗ್ ನೋಡಿ. ಗಿರಾಕಿಯ ಮೈ ತಡಕಲು ಕೈ ಹಾಕಬೇಡಿ, ನಿಜವಾಗಿ ಸಂಶಯವಿದ್ದರೆ ಪೊಲೀಸರನ್ನು ಕರೆಯಿರಿ.

ಕೆಲಸದವರ ಕಡೆಯಿಂದ

ಸಿದ್ದಿ ಹುಡುಗಿಯನ್ನು ಕೆಲಸಕ್ಕೆ ತೆಗೆದುಕೊಂಡು ಗೋದಾಮಿನಲ್ಲಿ ಕೂರಿಸುವ ಅಂಗಡಿಗಳಿವೆ. ಇದು ತಪ್ಪು, ಅವಳಿಗೂ ಕೌಂಟರ್ ಕೊಡಿ. ‘ಬೇರೆಯವರನ್ನು ಕಳಿಸಿ’ ಎಂದು ಗಿರಾಕಿ ಹೇಳಿದರೆ ಅವಳನ್ನು ಸರಿಸಬೇಡಿ. ಮಾಲೀಕರೇ ಹತ್ತಿರ ಹೋಗಿ, ‘ಈ ಕೌಂಟರ್ ಇವರದು, ಇವರೇ ತೋರಿಸುತ್ತಾರೆ’ ಎಂದು ಮೆಲ್ಲಗೆ, ಸ್ಪಷ್ಟವಾಗಿ ಹೇಳಲಿ. ಒಂದು ವ್ಯಾಪಾರ ಹೋದರೂ ಹೋಗಲಿ.

ಕಾನೂನು

ಜನಾಂಗ, ಜಾತಿ, ಹುಟ್ಟಿದ ಊರಿನ ಕಾರಣಕ್ಕೆ ಅಂಗಡಿ, ಹೋಟೆಲಿಗೆ ಪ್ರವೇಶ ತಡೆಯುವಂತಿಲ್ಲ ಎಂದು ಸಂವಿಧಾನದ 15(2)ನೇ ವಿಧಿ ಹೇಳುತ್ತದೆ. ಈ ಜಿಲ್ಲೆಯ ಸಿದ್ದಿಗಳು 2003ರಿಂದ ಪರಿಶಿಷ್ಟ ಪಂಗಡದಲ್ಲಿದ್ದಾರೆ. ಹಾಗಾಗಿ ಅವರನ್ನು ಪರಿಶಿಷ್ಟ ಜಾತಿ, ಪಂಗಡಕ್ಕೆ ಸೇರದವರು ಜನರೆದುರು ಬೇಕೆಂದೇ ಅವಮಾನಿಸಿದರೆ 1989ರ ದೌರ್ಜನ್ಯ ತಡೆ ಕಾಯ್ದೆ ಅನ್ವಯಿಸುತ್ತದೆ. ಶಿಕ್ಷೆ 6 ತಿಂಗಳಿಂದ 5 ವರ್ಷ. ಪೊಟ್ಟಣದ ಮಾಲಿಗೆ ಎಂಆರ್‌ಪಿ ಮೀರಿ ಕೇಳುವಂತಿಲ್ಲ, ಗೋಕರ್ಣದ ವಿದೇಶಿಯರಿಗೂ ಅಷ್ಟೇ. ಬಿಲ್ ಕೊಡದಿರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರ. ಗ್ರಾಹಕರ ದೂರಿಗೆ ಸಹಾಯವಾಣಿ 1915.

ದೂರು ಬಂದಾಗ

‘ನಮ್ಮ ಹುಡುಗ ಹಾಗಲ್ಲ’ ಎಂದು ಶುರುಮಾಡಬೇಡಿ. ಪೂರ್ತಿ ಕೇಳಿ, ಕ್ಷಮೆ ಕೇಳಿ, ಅವರು ಕೇಳಿದ ಮಾಲನ್ನು ಖುದ್ದಾಗಿ ತೋರಿಸಿ. ಅದೇ ಸಂಜೆ ಸಂಬಂಧಪಟ್ಟವರ ಜೊತೆ ಕೂತು ರೆಕಾರ್ಡಿಂಗ್ ನೋಡಿ. ಹಾರ್ಡ್‌ಡಿಸ್ಕ್ ತುಂಬಿದಂತೆ ಹಳೆಯದು ತಾನಾಗಿ ಅಳಿಸಿಹೋಗುತ್ತದೆ. ಆದ್ದರಿಂದ ಆ ಭಾಗವನ್ನು ಮೊದಲು ಪೆನ್‌ಡ್ರೈವ್‌ಗೆ ಹಾಕಿ, ದಿನಾಂಕ ಬರೆದು ತೆಗೆದಿಡಿ.