ಮಣ್ಣಿನ ಮೈದಾನದಲ್ಲಿ 200 ಮೀಟರ್ ಟ್ರ್ಯಾಕ್ ಹಾಕುವುದು ಹೇಗೆ?

200 ಮೀಟರ್ ಓಟದ ಮೂರು ಹೀಟ್ಸ್ (ಫೈನಲ್‌ಗೆ ಮೊದಲಿನ ಸುತ್ತಿನ ಓಟಗಳು) ಓಡಿಸಿದರು. ಮೂರರಲ್ಲೂ ಗೆದ್ದದ್ದು ಆರನೇ ಲೇನಿನ ಹುಡುಗಿ. ನಗರದ ಒಂದು ಕಾಲೇಜಿನ ಕ್ರೀಡಾಕೂಟಕ್ಕೆ ತೀರ್ಪುಗಾರನಾಗಿ ಹೋಗಿದ್ದೆ. ಅನುಮಾನ ಬಂದು ಟೇಪು ಹಿಡಿದು ನೋಡಿದರೆ, ಆರನೇ ಲೇನಿನ ಸ್ಟಾರ್ಟ್ ಗೆರೆ ಇರಬೇಕಾದ ಜಾಗಕ್ಕಿಂತ ಐದು ಮೀಟರ್‌ಗೂ ಹೆಚ್ಚು ಮುಂದಿತ್ತು. ಮೂರೂ ಓಟ ರದ್ದಾಯಿತು. ಒಂದನೇ ಲೇನಿನಲ್ಲಿ ಓಡಿ ಎರಡನೆಯವಳಾಗಿದ್ದ ಹುಡುಗಿ ಮಧ್ಯಾಹ್ನದ ಬಿಸಿಲಲ್ಲಿ ಮತ್ತೆ ಓಡಿದಳು. ಆಗ ಅವಳ ಕಾಲಲ್ಲಿ ಬೆಳಗಿನ ಕಸುವು ಇರಲಿಲ್ಲ. ಆ ಗೆರೆ ಹೇಗೆ ತಪ್ಪಿತು ಎಂಬುದನ್ನು ಮುಂದೆ ಹೇಳುತ್ತೇನೆ. ಈ ಲೇಖನ ಬರೆಯುತ್ತಿರುವುದೇ ಅದಕ್ಕೆ.

ಕಂಠೀರವ ಕ್ರೀಡಾಂಗಣದಲ್ಲಿ, ಜ್ಞಾನಭಾರತಿ ಪಕ್ಕದ ಕ್ರೀಡಾ ಪ್ರಾಧಿಕಾರದ ಕೇಂದ್ರದಲ್ಲಿ ಸಿಂಥೆಟಿಕ್ ಟ್ರ್ಯಾಕ್ ಇದೆ, ಗೆರೆಗಳು ಅಲ್ಲಿ ಕಾಯಂ. ನಮ್ಮ ಬಹುಪಾಲು ಕಾಲೇಜುಗಳದ್ದು ಕೆಂಪು ಮಣ್ಣಿನ ನೆಲ. ಅಲ್ಲೇ ಕ್ರಿಕೆಟ್, ಅಲ್ಲೇ ಎನ್‌ಸಿಸಿ ಪರೇಡ್, ಅಲ್ಲೇ ರಾಜ್ಯೋತ್ಸವದ ಶಾಮಿಯಾನ. 400 ಮೀಟರ್ ಟ್ರ್ಯಾಕ್ ಅಲ್ಲಿ ಹಿಡಿಸುವುದಿಲ್ಲ. 200 ಮೀಟರ್‌ನದು, ಆರು ಲೇನಿನದು ಹಿಡಿಸುತ್ತದೆ. ಉದ್ದ 92.44 ಮೀಟರ್, ಅಗಲ 52.44 ಮೀಟರ್ ಬೇಕು. ಸುತ್ತ ಒಂದಿಷ್ಟು ಬಿಡುವು ಇದ್ದರೆ ಒಳ್ಳೆಯದು.

ಬೇಕಾದ ಸಾಮಾನು

50 ಅಥವಾ 100 ಮೀಟರ್‌ನ ಉಕ್ಕಿನ ಟೇಪು, ಎರಡು ಕಬ್ಬಿಣದ ಪೈಪಿನ ತುಂಡು, ಗೂಟಗಳು, ನೂರೈವತ್ತರಷ್ಟು ಉದ್ದ ಮೊಳೆ, 30 ಮೀಟರ್ ಜಿಐ (ಸತು ಲೇಪಿಸಿದ ಕಬ್ಬಿಣದ) ತಂತಿ. ಬಟ್ಟೆಯ ಟೇಪು ಬೇಡವೇ ಬೇಡ, ನಾಲ್ಕು ಸಲ ಎಳೆದರೆ ಹಿಗ್ಗುತ್ತದೆ. ತಂತಿಯ ಬದಲು ಹಸಿರು ನೈಲಾನ್ ಹಗ್ಗ ತರುವವರೇ ಹೆಚ್ಚು. ಎಳೆದವರ ಕೈಬಲಕ್ಕೆ ತಕ್ಕಂತೆ ಅದರ ಉದ್ದ ಬದಲಾಗುತ್ತದೆ. ತ್ರಿಜ್ಯದಲ್ಲಿ 10 ಸೆಂ.ಮೀ. ಹಿಗ್ಗಿದರೂ ಒಂದು ಸುತ್ತಿಗೆ 63 ಸೆಂ.ಮೀ. ವ್ಯತ್ಯಾಸ.

ಇನ್ನು ಪುಡಿ. ಅಗ್ಗಕ್ಕೆ ಸಿಗುತ್ತದೆಂದು ಸುಟ್ಟ ಸುಣ್ಣ ತಂದು ಸುರಿಯಬೇಡಿ. ಬೆವರಿಗೆ ತಾಗಿದರೆ ಚರ್ಮ ಸುಡುತ್ತದೆ, ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ. ಮಕ್ಕಳು ಆ ಗೆರೆಯ ಮೇಲೇ ಕೈಯೂರಿ ಸ್ಟಾರ್ಟ್ ತೆಗೆದುಕೊಳ್ಳುತ್ತಾರೆ. ಸೀಮೆಸುಣ್ಣದ ಪುಡಿ ತನ್ನಿ, ಸಿಗದಿದ್ದರೆ ಬಿಳಿ ರಂಗೋಲಿ ಪುಡಿಯಾದರೂ ಸಾಕು.

ನೆಲ

ಹಿಂದಿನ ಸಂಜೆ ಕಲ್ಲು ಆರಿಸಿ, ನೀರು ಹೊಡೆದು, ರೋಲರ್ ಎಳೆಯಿರಿ. ಒಣ ಮಣ್ಣಿನ ಮೇಲೆ ಗೆರೆ ನಿಲ್ಲುವುದಿಲ್ಲ.

ಆಯ

ಮೈದಾನದ ನಡುವೆ 40 ಮೀಟರ್ ದೂರದಲ್ಲಿ ಎರಡು ಪೈಪು ಹುಗಿಯಿರಿ. ಇವು ಎರಡು ತಿರುವುಗಳ ಕೇಂದ್ರ. ಪ್ರತಿ ಕೇಂದ್ರದಿಂದ ಎರಡೂ ಬದಿಗೆ ಲಂಬವಾಗಿ 18.90 ಮೀಟರ್ ಅಳೆದು ಗೂಟ ಹೊಡೆದರೆ 40ಕ್ಕೆ 37.80 ಮೀಟರ್‌ನ ಆಯ ಸಿಗುತ್ತದೆ. ಎರಡೂ ಕರ್ಣ 55 ಮೀಟರ್ 3.5 ಸೆಂ.ಮೀ. ಬರಬೇಕು. ಬರದಿದ್ದರೆ ಗೂಟ ಕಿತ್ತು ಮತ್ತೆ ಹೊಡೆಯಿರಿ. ಇಲ್ಲಿ ಅರ್ಧ ಗಂಟೆ ಹೋದರೆ ಹೋಗಲಿ.

18.90 ಯಾಕೆ? ನಮ್ಮ ಟ್ರ್ಯಾಕಿಗೆ ಒಳಬದಿಯಲ್ಲಿ ಎತ್ತರದ ಕಟ್ಟೆ ಇಲ್ಲ, ಬರೀ ಗೆರೆ. ಹಾಗಿದ್ದಾಗ ಓಟದ ದೂರವನ್ನು ಗೆರೆಯಿಂದ 20 ಸೆಂ.ಮೀ. ಹೊರಗೆ ಅಳೆಯಬೇಕು. ಅಂದರೆ 19.10 ಮೀಟರ್ ತ್ರಿಜ್ಯದ ಸುತ್ತು 120 ಮೀಟರ್, ಎರಡು ನೇರ ಸೇರಿ 80. ಒಟ್ಟು 200.

ತಿರುವು ಮತ್ತು ಲೇನು

ತಂತಿಯ ತುದಿಗೆ ಕುಣಿಕೆ ಮಾಡಿ ಪೈಪಿಗೆ ಹಾಕಿ. ಅಳತೆ ಪೈಪಿನ ನಡುವಿನಿಂದ ಶುರುವಾಗಲಿ, ಕುಣಿಕೆಯಿಂದಲ್ಲ. ತಂತಿಯ ಮೇಲೆ 18.90, 20.12, 21.34, 22.56, 23.78, 25.00, 26.22 ಮೀಟರ್‌ಗೆ ಕೆಂಪು ಟೇಪು ಸುತ್ತಿ. ಒಬ್ಬರು ತಂತಿ ಬಿಗಿ ಹಿಡಿದು ನಡೆಯಲಿ, ಇನ್ನೊಬ್ಬರು ಮೊಳೆಯಿಂದ ಗೀರುತ್ತಾ ಬರಲಿ. ಲೇನಿನ ಅಗಲ 1.22 ಮೀಟರ್, ಅದರಲ್ಲಿ ಬಲಗಡೆಯ 5 ಸೆಂ.ಮೀ. ಗೆರೆಯೂ ಸೇರಿದೆ. ಹಾಗಾಗಿ ಪುಡಿಯನ್ನು ಗೀರಿನ ಒಳಬದಿಗೆ ಹಾಕಿ. ಗೆರೆಯ ಅಗಲ ಬಿಟ್ಟು 1.22 ಅಳೆಯುವವರ ಲೇನು 1.27 ಆಗಿಬಿಡುತ್ತದೆ, ಮುಂದಿನ ಲೆಕ್ಕವೆಲ್ಲ ಕೆಡುತ್ತದೆ. ನೇರ ಭಾಗಕ್ಕೆ ದಾರ ಕಟ್ಟಿ ಗೆರೆ ಎಳೆದರೆ ಆಯಿತು.

ಸ್ಟ್ಯಾಗರ್: ಎಡವುವುದು ಇಲ್ಲೇ

ಹೊರಗಿನ ಲೇನು ಉದ್ದ, ಆದ್ದರಿಂದ ಅಲ್ಲಿ ಓಡುವವರು ಮುಂದೆ ನಿಲ್ಲಬೇಕು ಎಂಬುದು ಎಲ್ಲರಿಗೂ ಗೊತ್ತು. ಈ ಮುಂದಿನ ಅಂತರವೇ ಸ್ಟ್ಯಾಗರ್. ಎಷ್ಟು ಮುಂದೆ ಎಂಬಲ್ಲಿ ಎರಡು ತಪ್ಪು ನಡೆಯುತ್ತವೆ.

ಮೊದಲನೆಯದು, ಪುಸ್ತಕದ ಅಂಕಿ ಕಣ್ಣುಮುಚ್ಚಿ ಬರೆದುಕೊಳ್ಳುವುದು. ಎರಡನೇ ಲೇನಿಗೆ 7.04, ಮೂರನೆಯದಕ್ಕೆ 14.70 ಎಂದು ಅಲ್ಲಿರುತ್ತದೆ. ಅದು ಒಳಬದಿಯಲ್ಲಿ ಕಟ್ಟೆ ಇರುವ ಟ್ರ್ಯಾಕಿನ ಲೆಕ್ಕ. ಅಲ್ಲಿ ಒಂದನೇ ಲೇನನ್ನು ಕಟ್ಟೆಯಿಂದ 30 ಸೆಂ.ಮೀ. ದೂರದಲ್ಲಿ ಅಳೆದಿರುತ್ತಾರೆ. ನಮ್ಮದರಲ್ಲಿ ಎಲ್ಲ ಲೇನಿಗೂ 20 ಸೆಂ.ಮೀ. ಆದ್ದರಿಂದ ಲೇನಿನ ಅಗಲವನ್ನು 6.2832ರಿಂದ (ಅಂದರೆ 2πಯಿಂದ) ಗುಣಿಸಿ, ಲೇನಿಗೊಮ್ಮೆ ಕೂಡುತ್ತಾ ಹೋದರೆ ಮುಗಿಯಿತು. ಎರಡನೇ ಲೇನಿಗೆ 7.67, ಮೂರಕ್ಕೆ 15.33, ನಾಲ್ಕಕ್ಕೆ 23.00, ಐದಕ್ಕೆ 30.66, ಆರಕ್ಕೆ 38.33 ಮೀಟರ್. ಪುಸ್ತಕದ ಅಂಕಿ ಹಾಕಿದರೆ ಒಂದನೇ ಲೇನು ಬಿಟ್ಟು ಉಳಿದವರೆಲ್ಲ 63 ಸೆಂ.ಮೀ. ಹೆಚ್ಚು ಓಡುತ್ತಾರೆ. ಮೈದಾನ ಚಿಕ್ಕದೋ ದೊಡ್ಡದೋ, ಈ ಲೆಕ್ಕಕ್ಕೆ ಸಂಬಂಧವಿಲ್ಲ. ಜಾಗ ಸಾಲದೆ ಲೇನನ್ನು 1 ಮೀಟರ್ ಮಾಡಿದ್ದರೆ ಪ್ರತಿ ಲೇನಿಗೆ 6.28 ಮೀಟರ್ ಹೆಚ್ಚುತ್ತಾ ಹೋಗುತ್ತದೆ.

ಎರಡನೆಯದು ಆ ದಿನ ನಾನು ಕಂಡ ತಪ್ಪು. ಫಿನಿಶ್ ಗೆರೆಯ ಬಳಿ ಒಬ್ಬ ಹುಡುಗ ಟೇಪಿನ ತುದಿ ಹಿಡಿದು ಕೂತಿದ್ದನಂತೆ. ಇನ್ನೊಬ್ಬ ಆರನೇ ಲೇನಿನ ಕಡೆಗೆ ಟೇಪನ್ನು ನೇರ ಎಳೆದುಕೊಂಡು ಹೋಗಿ 38.33ಕ್ಕೆ ಗೆರೆ ಹಾಕಿದ್ದ. ಲೇನು ಬಾಗಿದೆ, ಟೇಪು ಅಡ್ಡಹಾದಿ ಹಿಡಿದಿತ್ತು. ಹೀಗೆ ಎಳೆದರೆ ಬಾಗಿದ ಲೇನಿನ ಮೇಲೆ ನಿಜವಾಗಿ ಸಿಗುವುದು 43 ಮೀಟರ್ 55 ಸೆಂ.ಮೀ. ಎರಡನೇ ಲೇನಿನಲ್ಲಿ ಇದರಿಂದ ಆಗುವ ತಪ್ಪು ನಾಲ್ಕೈದು ಸೆಂ.ಮೀ. ಮಾತ್ರ, ಅದಕ್ಕೇ ಯಾರ ಕಣ್ಣಿಗೂ ಬೀಳುವುದಿಲ್ಲ.

ಸರಿಯಾದ ಕ್ರಮ ಹೀಗೆ. ಅದೇ ತಂತಿಗೆ ಬೇರೆ ಬಣ್ಣದ ಗುರುತು ಹಾಕಿ: 20.32, 21.54, 22.76, 23.98, 25.20. ಇವು ಎರಡರಿಂದ ಆರನೇ ಲೇನಿನವರು ಓಡುವ ಹಾದಿ. ನೇರ ಮುಗಿದು ತಿರುವು ಶುರುವಾಗುವಲ್ಲಿರುವ ಫಿನಿಶ್ ಗೆರೆಯಿಂದ ತಂತಿ ತಿರುಗಿಸುತ್ತಾ ಆ ಗುರುತಿನಲ್ಲಿ ಮೀಟರಿಗೊಂದು ಮೊಳೆ ನೆಡಿ. ಮೊಳೆಗಳ ಹೊರಮೈಗೆ ಟೇಪನ್ನು ಒತ್ತಿ ಸುತ್ತಿ ಓದಿ. ಅಂಕಿ ಬಂದ ಜಾಗದಲ್ಲಿ ತಂತಿ ಬಿಗಿ ಹಿಡಿದರೆ ಅದೇ ಸ್ಟಾರ್ಟ್ ಗೆರೆಯ ದಿಕ್ಕು, ಕಣ್ಣಂದಾಜು ಬೇಡ. ಒಬ್ಬರು ಅಳೆದದ್ದನ್ನು ಇನ್ನೊಬ್ಬರು ಮೊದಲಿಂದ ಅಳೆಯಲಿ. ಕೊನೆಗೆ ಮೊಳೆ ಎಣಿಸಿ ತೆಗೆಯಿರಿ, ಒಂದೂ ನೆಲದಲ್ಲಿ ಉಳಿಯಬಾರದು. ಬರಿಗಾಲಲ್ಲಿ ಓಡುವ ಮಕ್ಕಳು ಈಗಲೂ ಇದ್ದಾರೆ.

400 ಮೀಟರ್ ಓಟವನ್ನು ಎರಡು ಸುತ್ತೂ ಲೇನಿನಲ್ಲೇ ಓಡಿಸುವುದಾದರೆ ಈ ಅಂಕಿಗಳೆಲ್ಲ ದುಪ್ಪಟ್ಟು. 100 ಮೀಟರನ್ನು ಈ ಟ್ರ್ಯಾಕಿನೊಳಗೆ ತುರುಕಬೇಡಿ. ಕಾಂಪೌಂಡಿನ ಉದ್ದಕ್ಕೆ ಬೇರೆ ನೇರ ಟ್ರ್ಯಾಕ್ ಹಾಕಿ, ಫಿನಿಶ್ ದಾಟಿದ ಮೇಲೆ 15 ಮೀಟರ್‌ಗೆ ಕಡಿಮೆಯಿಲ್ಲದಂತೆ ಖಾಲಿ ಬಿಡಿ. ಅಲ್ಲಿ ಗೋಡೆಯಿದ್ದು ಮಕ್ಕಳು ಕೈಯೊಡ್ಡಿ ನಿಲ್ಲುವುದನ್ನು ನೋಡಿದ್ದೇನೆ, ಎದೆ ಝಲ್ಲೆನ್ನುತ್ತದೆ.

ಕೂಟ ಮುಗಿದ ಮೇಲೆ ಗೂಟ ಕೀಳಿ, ಆದರೆ ನಡುವಿನ ಎರಡು ಪೈಪು ಕೀಳಬೇಡಿ. ನೆಲದಿಂದ ಅರ್ಧ ಅಡಿ ಕೆಳಗೆ ಹೋಗುವಂತೆ ಬಡಿದು ಮಣ್ಣು ಮುಚ್ಚಿ ಗಟ್ಟಿಮಾಡಿ. ಕಾಂಪೌಂಡಿನ ಎರಡು ಮೂಲೆಗಳಿಂದ ಅವು ಎಷ್ಟು ದೂರ ಎಂದು ಅಳೆದು ಕ್ರೀಡಾ ವಿಭಾಗದ ಸ್ಟಾಕ್ ರಿಜಿಸ್ಟರಿನ ಮೊದಲ ಪುಟದಲ್ಲಿ ಬರೆದಿಡಿ. ಮುಂದಿನ ವರ್ಷ ಅಲ್ಲಿ ಅಗೆದು, ತಂತಿ ಸಿಕ್ಕಿಸಿ, ನೇರವಾಗಿ ತಿರುವಿನಿಂದ ಕೆಲಸ ಶುರುಮಾಡಬಹುದು.