ಐದಕ್ಕೆ ಒಂದು: ನಾನು ಕಾಯಿಸಿ ಕುಡಿದ ಚೀನೀ ಕಷಾಯ

ಎರಡನೇ ಮಗುವಿಗೆ ವರ್ಷ ತುಂಬಿ ಹಾಲು ಬಿಡಿಸಿದ ಹೊತ್ತಿಗೆ ನನ್ನ ಹಿಮೋಗ್ಲೋಬಿನ್ 9.1ಕ್ಕೆ ಇಳಿದಿತ್ತು. ಒಂದು ದಿನ ಲಿಫ್ಟ್ ಕೆಟ್ಟಿತ್ತು. ನಾಲ್ಕು ಮಹಡಿ ಹತ್ತುವಷ್ಟರಲ್ಲಿ ಎರಡು ಸಲ ಮೆಟ್ಟಿಲ ಮೇಲೆ ಕೂತೆ. ಡಾಕ್ಟರು ಕಬ್ಬಿಣಾಂಶದ ಮಾತ್ರೆ ಬರೆದುಕೊಟ್ಟರು. ಪಕ್ಕದ ಮನೆ ಆಂಟಿ ಮಾತ್ರ ನನ್ನ ಮುಖ ನೋಡಿ, "ನಿನಗೆ ಬಾಣಂತನ ಸರಿಯಾಗಿ ಆಗಿಲ್ಲ" ಅಂದುಬಿಟ್ಟರು.

ನಾವಿರುವುದು ಸಿಂಗಾಪುರದ ತೋವಾ ಪಾಯೋದಲ್ಲಿ. ಆಂಟಿ ಕ್ಯಾಂಟನೀಸ್ ಮಾತಾಡುವ ಚೀನೀ ಮನೆಯವರು, ಎಪ್ಪತ್ತು ದಾಟಿದೆ. ಚೀನೀಯರಲ್ಲೂ ಬಾಣಂತಿಗೆ ಒಂದು ತಿಂಗಳ ಪಥ್ಯ ಇದೆ. ತಣ್ಣೀರು ಮುಟ್ಟಬಾರದು, ಗಾಳಿಗೆ ಕೂರಬಾರದು, ಊಟದಲ್ಲಿ ಶುಂಠಿ, ಎಳ್ಳೆಣ್ಣೆ ಜಾಸ್ತಿ. ನಮ್ಮ ಅಜ್ಜಿ ಕೇಳಿಸಿಕೊಂಡಿದ್ದರೆ ತಲೆಯಾಡಿಸುತ್ತಿದ್ದರು. ಆದರೆ ಹಳೇ ಕಾಲದ ಚೀನೀ ಪಥ್ಯದಲ್ಲಿ ತಿಂಗಳಿಡೀ ತಲೆಸ್ನಾನವೇ ಇಲ್ಲ. ನಮ್ಮ ಎಣ್ಣೆ ನೀರು, ಸಾಂಬ್ರಾಣಿ ಹೊಗೆಯ ವಿಷಯ ಹೇಳಿದಾಗ ಆಂಟಿ ಹೌಹಾರಿದರು.

ಅವರು ಹೇಳಿಕೊಟ್ಟಿದ್ದು ಎರಡೇ ಬೇರಿನ ಕಷಾಯ. ಹೆಸರು ದಾಂಗ್ ಗುಯ್ ಬೂ ಶ್ವೆ ತಾಂಗ್, ಅಂದರೆ ರಕ್ತ ತುಂಬಿಸುವ ದಾಂಗ್ ಗುಯ್ ಕಷಾಯ. ಇದನ್ನು ಬರೆದಿಟ್ಟವನು ಲೀ ದೊಂಗ್‌ಯುವಾನ್ (1180–1251) ಎಂಬ ವೈದ್ಯ. ಹೆಸರಿರುವುದು ದಾಂಗ್ ಗುಯ್‌ದು, ಆದರೆ ಪಾತ್ರೆಗೆ ಬೀಳುವುದರಲ್ಲಿ ಅದು ಒಂದು ಪಾಲು, ಹುವಾಂಗ್ ಚೀ ಎಂಬ ಇನ್ನೊಂದು ಬೇರು ಐದು ಪಾಲು. ನನಗೆ ಇದು ತಲೆಕೆಳಗಾಗಿ ಕಂಡಿತು. ಆಂಟಿಯ ವಿವರಣೆ ಹೀಗಿತ್ತು: ರಕ್ತವನ್ನು ಹುಟ್ಟಿಸುವುದು "ಚೀ", ನಾವು ಕಸುವು ಅಂತೀವಲ್ಲ, ಹೆಚ್ಚುಕಡಿಮೆ ಅದು. ಕಸುವೇ ಇಲ್ಲದವರಿಗೆ ರಕ್ತದ ಔಷಧಿ ಕೊಟ್ಟು ಏನು ಬಂತು? ಅದಕ್ಕೆ ಚೀ ತುಂಬುವ ಹುವಾಂಗ್ ಚೀ ಜಾಸ್ತಿ. ಹಾಂಗ್‌ಕಾಂಗ್‌ನ ವಿಜ್ಞಾನಿಗಳು ಬೇರೆ ಬೇರೆ ಅಳತೆಯಲ್ಲಿ ಈ ಎರಡನ್ನೂ ಕುದಿಸಿ ನೋಡಿದ್ದಾರೆ. ಬೇರಿನ ಸತ್ವ ಚೆನ್ನಾಗಿ ನೀರಿಗೆ ಇಳಿದಿದ್ದು ಐದಕ್ಕೆ ಒಂದರ ಲೆಕ್ಕದಲ್ಲೇ. ಇದು ಪ್ರಯೋಗಶಾಲೆಯ ಮಾತು, ಮನುಷ್ಯರ ಮೇಲಿನ ಪುರಾವೆ ಅಲ್ಲ. ಆದರೂ ಏಳುನೂರು ವರ್ಷಕ್ಕೂ ಹಳೆಯ ಅಳತೆ ಹಾಗೆ ತಾಳೆಯಾಗಿದ್ದು ನೋಡಿ ನನಗೆ ಕುತೂಹಲ ಹುಟ್ಟಿತು. ಡಾಕ್ಟರನ್ನು ಕೇಳಿದೆ. ಮಾತ್ರೆ ಬಿಡಬಾರದು, ಎರಡರ ನಡುವೆ ಕೆಲವು ಗಂಟೆ ಅಂತರ ಇರಲಿ ಎಂದರು.

ಆಂಟಿ ನನ್ನನ್ನು ಚೈನಾಟೌನ್‌ನ ಒಂದು ಅಂಗಡಿಗೆ ಕರೆದುಕೊಂಡು ಹೋದರು. ಇಲ್ಲಿ ಇಂಥ ಅಂಗಡಿಗೆ ಮೆಡಿಕಲ್ ಹಾಲ್ ಅಂತಾರೆ, ಚೀನೀ ವೈದ್ಯರಿಗೆ ಸಿನ್ಸೆ ಅಂತಾರೆ. ಗೋಡೆ ತುಂಬ ಪುಟ್ಟ ಪುಟ್ಟ ಮರದ ಡ್ರಾಯರ್‌ಗಳು. ನಮ್ಮ ಗ್ರಂದಿಗೆ ಅಂಗಡಿ ನೆನಪಾಯಿತು. ಸಿನ್ಸೆ ತಕ್ಷಣ ಏನೂ ಕೊಡಲಿಲ್ಲ. ಕೈ ನಾಡಿ ಹಿಡಿದರು, ನಾಲಿಗೆ ನೋಡಿದರು. ಬಸುರಿಯಾ? ಮುಟ್ಟು ಯಾವಾಗ ಆಯಿತು, ಎಷ್ಟು ಹೋಗುತ್ತೆ? ಜ್ವರ, ನೆಗಡಿ ಇದೆಯಾ? ರಕ್ತ ತೆಳು ಮಾಡುವ ಮಾತ್ರೆ ತಗೋತೀಯಾ? ಎಲ್ಲ ಕೇಳಿ ಆದಮೇಲೆ ಡ್ರಾಯರ್ ಎಳೆದರು. ಹುವಾಂಗ್ ಚೀ ಒಂದು ಲಿಯಾಂಗ್, ದಾಂಗ್ ಗುಯ್ ಎರಡು ಚಿಯೆನ್. ಹತ್ತು ಚಿಯೆನ್‌ಗೆ ಒಂದು ಲಿಯಾಂಗ್. ಸಿಂಗಾಪುರದ ತೂಕದಲ್ಲಿ ಒಂದು ಲಿಯಾಂಗ್ 37.8 ಗ್ರಾಂ. ನಮ್ಮ ತೊಲದ ಲೆಕ್ಕದ ಹಾಗೆ.

ಹುವಾಂಗ್ ಚೀ ಹಳದಿ ಬಣ್ಣದ ಉದ್ದುದ್ದ ಹೋಳು. ಅಗಿದರೆ ಸಿಹಿ, ಹಸಿ ಅವರೆಯ ವಾಸನೆ. ದಾಂಗ್ ಗುಯ್ ಹಾಗಲ್ಲ. ಪೊಟ್ಟಣ ಬಿಚ್ಚಿದರೆ ಮನೆಯೆಲ್ಲ ಘಮ್ ಅನ್ನುತ್ತೆ. ಸಬ್ಬಸಿಗೆ ಸೊಪ್ಪಿನ ಜೊತೆ ಓಂಕಾಳು ಜಜ್ಜಿದ ಹಾಗೆ. ಆಮೇಲೆ ಗೊತ್ತಾಯಿತು, ಇದೂ ಸಬ್ಬಸಿಗೆ, ಓಂಕಾಳು, ಜೀರಿಗೆಯ ಕುಟುಂಬದ್ದೇ ಗಿಡ. ಬಾಣಂತಿಗೆ ಸಬ್ಬಸಿಗೆ ಸೊಪ್ಪು ಕೊಡುವವರು ನಾವು, ದಾಂಗ್ ಗುಯ್ ಕೊಡುವವರು ಅವರು!

ಕಾಯಿಸಲು ಮಣ್ಣಿನ ಪಾತ್ರೆಯೇ ಬೇಕು. ಕಬ್ಬಿಣ, ಅಲ್ಯುಮಿನಿಯಂ ಆಗುವುದಿಲ್ಲ. ಬೇರುಗಳನ್ನು ಅರ್ಧ ಗಂಟೆ ತಣ್ಣೀರಲ್ಲಿ ನೆನೆಸಿ, ಅದೇ ನೀರಲ್ಲಿ ಒಲೆಗಿಡಬೇಕು. ಕುದಿ ಬಂದಮೇಲೆ ಸಣ್ಣ ಉರಿ. ಮೂರು ಬಟ್ಟಲು ನೀರು ಒಂದು ಬಟ್ಟಲಿಗೆ ಇಳಿಯಬೇಕು. ಸೋಸಿಕೊಂಡು, ಅದೇ ಚರಟಕ್ಕೆ ಎರಡು ಬಟ್ಟಲು ನೀರು ಹಾಕಿ ಇನ್ನೊಮ್ಮೆ ಕುದಿಸಿ, ಎರಡನ್ನೂ ಬೆರೆಸಿ ಎರಡು ಹೊತ್ತು ಕುಡಿಯುತ್ತಿದ್ದೆ. ಕಪ್ಪು ಕೋಳಿ ಹಾಕಿದರೆ ಇನ್ನೂ ಒಳ್ಳೇದು ಎಂದು ಆಂಟಿಯ ಒತ್ತಾಯ. ನಾವು ತಿನ್ನುವುದಿಲ್ಲ. ಅದರ ಬದಲು ಐದಾರು ಕೆಂಪು ಜುಜುಬಿ ಹಣ್ಣು ಹಾಕುತ್ತಿದ್ದೆ, ಬೀಜ ತೆಗೆದು. ಬೀಜ ಉಷ್ಣವಂತೆ. ಅದು ನಮ್ಮ ಎಲಚಿ ಹಣ್ಣಿನ ಹತ್ತಿರದ ನೆಂಟ, ಒಣಗಿಸಿದ್ದು. ಕೆಂಪಗಿದೆ ಅಂತ ರಕ್ತ ಕೊಡುತ್ತೆ ಎಂದು ನಂಬುತ್ತಾರೆ. ನಿಜ ಹೇಳಬೇಕೆಂದರೆ ಐದಾರು ಹಣ್ಣಿನಲ್ಲಿ ಸಿಗುವ ಕಬ್ಬಿಣಾಂಶ ಅಷ್ಟಕ್ಕಷ್ಟೇ. ರುಚಿಗೆ ಮಾತ್ರ ಸೈ.

ಮೊದಲ ತಿಂಗಳೇ ಪಾತ್ರೆ ಒಡೆದೆ. ಒಲೆಯಿಂದ ಇಳಿಸಿ ಒದ್ದೆ ಕಟ್ಟೆಯ ಮೇಲಿಟ್ಟೆ, ಟಪ್ ಎಂದು ಸೀಳು ಬಿಟ್ಟಿತು. ಅದು ಚಿಕ್ಕ ತಪ್ಪು. ದೊಡ್ಡ ತಪ್ಪು ಇನ್ನೆರಡು. ತಿಂಗಳ ಮುಟ್ಟು ಮುಗಿದ ಮೇಲೆ ಐದು ದಿನ ಕುಡಿ ಎಂದು ಸಿನ್ಸೆ ಹೇಳಿದ್ದರು. ಬೇಗ ಗುಣ ಆಗಲಿ ಅಂತ ನಾನು ಮುಟ್ಟಿನ ಎರಡನೇ ದಿನವೂ ಕುಡಿದೆ. ಆ ಸಲ ವಿಪರೀತ ಹೋಯಿತು. ರಕ್ತ ಕಡಿಮೆ ಎಂದು ಕುಡಿದಿದ್ದು, ಆಗಿದ್ದು ಉಲ್ಟಾ. ಕಾಕತಾಳೀಯವೂ ಇರಬಹುದು, ಆದರೆ ಮತ್ತೆ ಆ ಸಾಹಸ ಮಾಡಲಿಲ್ಲ. ಮತ್ತೊಮ್ಮೆ ನೆಗಡಿ, ಜ್ವರ ಇದ್ದಾಗ ಕುಡಿದು ಮೂರು ದಿನ ಹಾಸಿಗೆ ಬಿಟ್ಟು ಏಳಲಿಲ್ಲ. ಆಂಟಿ ಬೈದರು: "ಕಳ್ಳ ಮನೆಯೊಳಗೆ ಇರುವಾಗ ಬಾಗಿಲು ಹಾಕಿಕೊಂಡೆಯಲ್ಲ!" ಚೀನೀಯರ ಹಳೇ ಮಾತಂತೆ. ಮೈ ಗಟ್ಟಿ ಮಾಡುವ ಕಷಾಯ ಕಾಯಿಲೆ ಇರುವಾಗ ಕುಡಿಯುವುದಲ್ಲ, ಕಾಯಿಲೆ ಹೋದಮೇಲೆ.

ಮೂರು ತಿಂಗಳಿಗೆ ಹಿಮೋಗ್ಲೋಬಿನ್ 11.8 ಆಯಿತು. ಕಷಾಯದಿಂದ ಅಂತ ನಾನು ಹೇಳುವುದಿಲ್ಲ. ಮಾತ್ರೆ ಒಂದು ದಿನವೂ ತಪ್ಪಿಸಿರಲಿಲ್ಲ, ಆ ಲೆಕ್ಕ ಮಾತ್ರೆಗೇ ಸೇರಬೇಕು. ಕಷಾಯ ಕುಡಿದ ದಿನಗಳಲ್ಲಿ ನನಗೆ ತಿಳಿದಿದ್ದು ಇಷ್ಟು: ಅಂಗೈ, ಅಂಗಾಲು ಬೆಚ್ಚಗಿರುತ್ತಿದ್ದವು, ಸಂಜೆ ಹಸಿವಾಗುತ್ತಿತ್ತು, ನಿದ್ದೆ ಚೆನ್ನಾಗಿ ಹತ್ತುತ್ತಿತ್ತು. ಮಕ್ಕಳನ್ನು ಗಂಡನ ಕೈಗೆ ಕೊಟ್ಟು ಅರ್ಧ ಗಂಟೆ ಬಟ್ಟಲು ಹಿಡಿದು ಸುಮ್ನೆ ಕೂರುತ್ತಿದ್ದೆನಲ್ಲ, ಅದರಲ್ಲಿ ಆ ಅರ್ಧ ಗಂಟೆಯ ಪಾಲೆಷ್ಟೋ, ಬೇರಿನ ಪಾಲೆಷ್ಟೋ.

ಹೋದ ವರ್ಷ ಮಾವನವರು ಶಿವಮೊಗ್ಗದಿಂದ ಬಂದಿದ್ದರು. ವಾಸನೆ ಹಿಡಿದು ಅಡುಗೆಮನೆಗೆ ಬಂದು, "ನಂಗೂ ಒಂದು ಲೋಟ ಕೊಡಮ್ಮ, ಮೊಣಕಾಲಿಗೆ ಶಕ್ತಿ ಬರಲಿ" ಅಂದರು. ಅವರು ಹೃದಯದ ವಾಲ್ವ್ ಆಪರೇಷನ್ ಆದವರು, ವಾರ್ಫರಿನ್ ತಗೋತಾರೆ. ದಾಂಗ್ ಗುಯ್ ಅದರ ಜೊತೆ ಸೇರಿದರೆ ರಕ್ತ ಇನ್ನೂ ತೆಳುವಾಗಿ ರಕ್ತಸ್ರಾವ ಆಗಬಹುದು. ಕೊಡಲ್ಲ ಅಂದಿದ್ದಕ್ಕೆ ಎರಡು ದಿನ ಮುನಿಸಿಕೊಂಡರು. ಆಂಟಿಯೇ ಬಂದು ಬರೀ ಕೆಂಪು ಜುಜುಬಿ ಹಾಕಿ ಕುದಿಸಿದ ನೀರು ಕೊಟ್ಟು ಸಮಾಧಾನ ಮಾಡಿದರು. ಯಾವ ಬೇರೂ ಇಲ್ಲ. ಈಗ ಫೋನಿನಲ್ಲಿ ಕೇಳುವುದೂ ಅದನ್ನೇ. ಮುಂದಿನ ತಿಂಗಳು ಊರಿಗೆ ಹೊರಟಿದ್ದೇವೆ. ಅರ್ಧ ಕಿಲೋ ಕಟ್ಟಿಟ್ಟಿದ್ದೇನೆ, ಬೀಜ ತೆಗೆದದ್ದು.